ಬೇರೆ ಲ್ಯಾಪ್‌ಟಾಪಿನ ಅಡಾಪ್ಟರ್ ಇದಕ್ಕಾಗುತ್ತದೆಯೇ? ನಾನು ಪರೀಕ್ಷಿಸುವ ಬಗೆ

ಕಚೇರಿಯ ಕಂಪ್ಯೂಟರುಗಳ ನಿರ್ವಹಣೆ ನನ್ನ ಕೆಲಸವಾದ್ದರಿಂದ, ವಾರಸುದಾರರಿಲ್ಲದ ಅಡಾಪ್ಟರುಗಳೆಲ್ಲ ಕೊನೆಗೆ ಬಂದು ಸೇರುವುದು ನನ್ನ ಮೇಜಿನ ಕೆಳಗಿನ ಪೆಟ್ಟಿಗೆಗೆ. ಲ್ಯಾಪ್‌ಟಾಪ್ ಕೆಟ್ಟು ಮೂಲೆ ಸೇರಿದ ಮೇಲೂ ಅದರ ಅಡಾಪ್ಟರ್ ಎಷ್ಟೋ ಸಲ ಸುಸ್ಥಿತಿಯಲ್ಲಿಯೇ ಇರುತ್ತದೆ. ಹಾಗಾಗಿ ಯಾರದ್ದಾದರೂ ಅಡಾಪ್ಟರ್ ಕೈಕೊಟ್ಟಾಗ ಅವರು ನೇರವಾಗಿ ಆ ಪೆಟ್ಟಿಗೆಗೆ ಕೈಹಾಕಿ, ಸಿಕ್ಕಿದ್ದನ್ನು ತಮ್ಮ ಯಂತ್ರಕ್ಕೆ ತೂರಿಸಿ, "ಪಿನ್ ಸರಿಯಾಗಿ ಕೂರುತ್ತದೆ ಸಾರ್, ಹಾಕಿಬಿಡಲೇ?" ಎಂದು ಕೇಳುತ್ತಾರೆ. ಪಿನ್ ಕೂರುತ್ತದೆಯೇ ಎಂಬ ಪರೀಕ್ಷೆಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. 5.5 ಮಿಲಿಮೀಟರ್ ಹೊರವ್ಯಾಸದ ದುಂಡು ಪಿನ್ 12 ವೋಲ್ಟಿನ ರೌಟರ್ ಅಡಾಪ್ಟರಿಗೂ ಇರುತ್ತದೆ, 19 ವೋಲ್ಟಿನ ಮಾನಿಟರ್ ಅಡಾಪ್ಟರಿಗೂ ಇರುತ್ತದೆ.

ನಾನು ಮೊದಲು ಓದುವುದು ಎರಡು ಲೇಬಲ್‌ಗಳನ್ನು: ಲ್ಯಾಪ್‌ಟಾಪಿನ ತಳದಲ್ಲಿರುವುದು ಮತ್ತು ಅಡಾಪ್ಟರಿನ ಬೆನ್ನಿನ ಮೇಲಿರುವುದು. ಅಡಾಪ್ಟರಿನ ಅಕ್ಷರಗಳು ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೂದು ಬಣ್ಣದಲ್ಲಿ ಅಚ್ಚಾಗಿ ಬರಿಗಣ್ಣಿಗೆ ಕಾಣದಂತಿರುವುದರಿಂದ, ಬೆಳಕಿಗೆ ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುತ್ತೇನೆ. ಅಲ್ಲಿ ಇನ್‌ಪುಟ್ ಎಂದಿರುವ ಸಾಲು ಗೋಡೆಯ ಪ್ಲಗ್ಗಿಗೆ ಸಂಬಂಧಿಸಿದ್ದು. ಲ್ಯಾಪ್‌ಟಾಪ್ ಅಡಾಪ್ಟರುಗಳಲ್ಲಿ ಅದು ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದಿರುತ್ತದೆ. ನಮಗೆ ಬೇಕಾದದ್ದು ಔಟ್‌ಪುಟ್ ಸಾಲು. ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇರುವ ಡಿಸಿ ಚಿಹ್ನೆಯ ಆಚೀಚೆ ವೋಲ್ಟ್ ಮತ್ತು ಆಂಪಿಯರ್ ಸಂಖ್ಯೆಗಳಿರುತ್ತವೆ.

ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆ ರೀತಿಯಲ್ಲಿ ಹೋಲಿಸಬೇಕು. ವೋಲ್ಟ್ ಹೊಂದಿಕೆಯಾಗಬೇಕು, ಆಂಪಿಯರ್ ಬೇಕಾದಷ್ಟಿರಬೇಕು, ಹೆಚ್ಚಿದ್ದರೆ ತೊಂದರೆಯಿಲ್ಲ. ಲೇಬಲ್ಲಿನ ಆಂಪಿಯರ್ ಎಂದರೆ ಆ ಅಡಾಪ್ಟರ್ ಕೊಡಬಲ್ಲ ಗರಿಷ್ಠ ಕರೆಂಟು ಮಾತ್ರ, ಎಷ್ಟು ಎಳೆದುಕೊಳ್ಳಬೇಕು ಎಂಬುದನ್ನು ಲ್ಯಾಪ್‌ಟಾಪೇ ನಿರ್ಧರಿಸುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವುದು ವ್ಯಾಟ್. ಆದ್ದರಿಂದ 65 ವ್ಯಾಟಿನ ಯಂತ್ರಕ್ಕೆ ಅದೇ ವೋಲ್ಟಿನ 90 ವ್ಯಾಟ್ ಅಡಾಪ್ಟರ್ ಹಾಕಿದರೆ ಬ್ಯಾಟರಿ ಸುಟ್ಟುಹೋದೀತು ಎಂಬ ಭಯಕ್ಕೆ ಆಧಾರವಿಲ್ಲ. ಅದಕ್ಕೆ 45 ವ್ಯಾಟಿನದನ್ನು ಹಾಕುವುದೇ ಚಿಂತೆಯ ವಿಷಯ. ಎಳೆತ ಮಿತಿ ಮೀರಿದಾಗ ಒಳ್ಳೆಯ ಅಡಾಪ್ಟರ್ ತಾನಾಗಿಯೇ ಔಟ್‌ಪುಟ್ ನಿಲ್ಲಿಸುತ್ತದೆ; ಕಳಪೆಯದು ಬಿಸಿಯಾಗುತ್ತಲೇ ಹೋಗುತ್ತದೆ.

ವೋಲ್ಟಿನಲ್ಲಿ ಸ್ವಲ್ಪ ಸಡಿಲಿಕೆ ಉಂಟು. 19, 19.5 ಮತ್ತು 20 ವೋಲ್ಟಿನ ಅಡಾಪ್ಟರುಗಳು ಮೂರು ಬೇರೆ ಜಾತಿಗಳಂತೆ ಕಂಡರೂ, ಅಡಾಪ್ಟರಿನ ಔಟ್‌ಪುಟ್ ಶೇಕಡಾ 5ರಷ್ಟು ಆಚೀಚೆಯಾಗುವುದು ಸಾಮಾನ್ಯವೆಂದು ಇಟ್ಟುಕೊಂಡರೆ 19.5 ವೋಲ್ಟ್ ಎಂಬುದೇ ಸುಮಾರು 18.5ರಿಂದ 20.5ರವರೆಗೆ ಹರಡಿಕೊಳ್ಳುತ್ತದೆ. 19 ವೋಲ್ಟ್ 3.42 ಆಂಪಿಯರ್, 19.5 ವೋಲ್ಟ್ 3.34 ಆಂಪಿಯರ್, 20 ವೋಲ್ಟ್ 3.25 ಆಂಪಿಯರ್ ಎಂಬ ಮೂರೂ ಬರಹಗಳನ್ನು ಗುಣಿಸಿ ನೋಡಿದರೆ ಸಿಗುವುದು ಅದೇ 65 ವ್ಯಾಟ್. ಅರ್ಧ ವೋಲ್ಟಿನ ಅಂತರಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಬೇರೆಯದನ್ನು ಹುಡುಕುತ್ತೇನೆ. 12 ವೋಲ್ಟಿನದ್ದಂತೂ ನಿರುಪಯೋಗಿ: ಮೂರು ಸೆಲ್‌ಗಳ ಸಾಲಿರುವ ಬ್ಯಾಟರಿ ತುಂಬಿದಾಗ 12.6 ವೋಲ್ಟ್, ನಾಲ್ಕರ ಸಾಲಾದರೆ 16.8 ವೋಲ್ಟ್ ಇರುತ್ತದೆ. ಒಳಗಿನ ಚಾರ್ಜಿಂಗ್ ಸರ್ಕ್ಯೂಟ್ ಸಾಮಾನ್ಯವಾಗಿ ಬಂದ ವೋಲ್ಟೇಜನ್ನು ಇಳಿಸಿ ಕೊಡುವಂಥದ್ದಾದ್ದರಿಂದ ಅದಕ್ಕೆ ಮೇಲಿನಿಂದಲೇ ಬರಬೇಕು. 24 ವೋಲ್ಟಿನದು ಹಾಗಲ್ಲ, ಅದು ಯಂತ್ರವನ್ನೇ ಕೆಡಿಸಬಲ್ಲದು.

ಲೇಬಲ್ ಒಪ್ಪಿಗೆಯಾದ ಮೇಲೆ ಮಲ್ಟಿಮೀಟರ್ ಹಿಡಿಯುತ್ತೇನೆ. ಅಗ್ಗದ ಮೀಟರುಗಳಲ್ಲಿ ಡಿಸಿ 20 ವೋಲ್ಟಿನ ರೇಂಜ್ 19.99ಕ್ಕೆ ಮುಗಿಯುತ್ತದೆ. 20 ವೋಲ್ಟಿನ ಅಡಾಪ್ಟರಿಗೆ ಅದೇ ರೇಂಜ್ ಇಟ್ಟರೆ ತೆರೆಯ ಎಡಗಡೆ ಒಂಟಿ 1 ಮಾತ್ರ ಮೂಡುತ್ತದೆ, ನೋಡಿದವರು ಅಡಾಪ್ಟರ್ ಸತ್ತಿದೆ ಎಂದುಕೊಳ್ಳುತ್ತಾರೆ. ಆದ್ದರಿಂದ ಗುಂಡಿಯನ್ನು ಮೊದಲೇ 200 ವೋಲ್ಟಿಗೆ ತಿರುಗಿಸಿರುತ್ತೇನೆ. ಕಪ್ಪು ಪ್ರೋಬನ್ನು ಪಿನ್ನಿನ ಹೊರಗೋಡೆಗೆ, ಕೆಂಪು ಪ್ರೋಬನ್ನು ಒಳರಂಧ್ರಕ್ಕೆ ಮುಟ್ಟಿಸಿದಾಗ ಸಂಖ್ಯೆಯ ಹಿಂದೆ ಮೈನಸ್ ಚಿಹ್ನೆ ಬಂದರೆ ಧ್ರುವ ತಿರುವುಮುರುವಾಗಿದೆ ಎಂದರ್ಥ, ಅಂಥದ್ದನ್ನು ಹಾಕಲೇಬಾರದು. ನಡುವೆ ಸೂಜಿಯಂಥ ತೆಳು ಕಡ್ಡಿಯಿರುವ ಪಿನ್ನಾದರೆ ಮಾತ್ರ ಕೈ ನಿಧಾನಿಸಬೇಕು. ಡೆಲ್ ಮತ್ತು ಎಚ್‌ಪಿ ಕಂಪನಿಗಳ 7.4 ಮಿಲಿಮೀಟರ್ ಮತ್ತು 4.5 ಮಿಲಿಮೀಟರ್ ಪಿನ್ನುಗಳಲ್ಲಿ ವಿದ್ಯುತ್ತು ಬರುವುದು ಆ ಕಡ್ಡಿಯಿಂದಲ್ಲ. ಪಾಸಿಟಿವ್ ಇರುವುದು ಕೊಳವೆಯ ಒಳಗೋಡೆಯಲ್ಲಿ. ಪ್ರೋಬಿನ ತುದಿ ಜಾರಿ ಕಡ್ಡಿಯನ್ನೂ ಒಳಗೋಡೆಯನ್ನೂ ಒಟ್ಟಿಗೆ ಮುಟ್ಟಿದರೆ ಗುರುತಿನ ಸರ್ಕ್ಯೂಟ್ ಕೆಡಬಹುದು.

ಈ ಗುರುತಿನ ವಿಚಾರವೇ ಲೇಬಲ್ಲಿನಲ್ಲಿ ಬರೆದಿರದ ಮೂರನೆಯ ಷರತ್ತು. ಡೆಲ್ ಅಡಾಪ್ಟರಿನ ಒಳಗೊಂದು ಪುಟ್ಟ ಚಿಪ್ ಇದ್ದು, ತಾನು ಎಷ್ಟು ವ್ಯಾಟಿನವನು ಎಂಬುದನ್ನು ಆ ನಡುಗಡ್ಡಿಯ ಮೂಲಕ ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಲೆನೊವೊದ ಆಯತಾಕಾರದ ಪಿನ್ನಿನಲ್ಲಿ ಇದೇ ಕೆಲಸವನ್ನು ಒಂದು ರೆಸಿಸ್ಟರ್ ಮಾಡುತ್ತದೆ. ಉತ್ತರ ಸಿಗದಿದ್ದಾಗ ಡೆಲ್ ಯಂತ್ರಗಳು ಅಡಾಪ್ಟರಿನ ಬಗೆ ತಿಳಿಯಲಿಲ್ಲವೆಂಬ ಸಂದೇಶ ತೋರಿಸಿ, ಬ್ಯಾಟರಿಯನ್ನು ಚಾರ್ಜ್ ಮಾಡದೆ, ಪ್ರೊಸೆಸರಿನ ವೇಗವನ್ನೂ ತಗ್ಗಿಸಿ ನಡೆಯುತ್ತವೆ. ಲ್ಯಾಪ್‌ಟಾಪ್ ಹಳೆಯದಾಗಿ ನಿಧಾನವಾಯಿತು ಎಂದು ನನ್ನ ಬಳಿ ಬರುವ ದೂರುಗಳಲ್ಲಿ ಕೆಲವಕ್ಕೆ ನಿಜವಾದ ಕಾರಣ ಈ ಗುರುತು ಸಿಗದ ಅಡಾಪ್ಟರೇ.

ಈಚೆಗೆ ಬಂದದ್ದು 19.5 ವೋಲ್ಟ್, 3.34 ಆಂಪಿಯರಿನ, ನಡುಗಡ್ಡಿಯಿರುವ 4.5 ಮಿಲಿಮೀಟರ್ ಪಿನ್ನಿನ ಯಂತ್ರ. ಪೆಟ್ಟಿಗೆಯಲ್ಲಿ ಅದೇ ಪಿನ್ನಿನ ಒಂದು ಅಡಾಪ್ಟರಿತ್ತು, ಆದರೆ ಅದರ ಮೇಲೆ 2.31 ಆಂಪಿಯರ್, ಎಂದರೆ 45 ವ್ಯಾಟ್ ಎಂದಿತ್ತು. ಇನ್ನೊಂದು 19 ವೋಲ್ಟ್ 3.42 ಆಂಪಿಯರಿನದು, ಅದಕ್ಕೆ ಪಿನ್ ಬದಲಿಸುವ ಕನೆಕ್ಟರ್ ಹಾಕಿದರೆ ಯಂತ್ರವೇನೋ ಆನ್ ಆಯಿತು, ಗುರುತು ಸಿಗದೆ ಚಾರ್ಜ್ ಮಾತ್ರ ಆಗಲಿಲ್ಲ. ಕಡೆಗೆ ಆ ಯಂತ್ರದ ಕಂಪನಿಯದೇ ಆದ 7.4 ಮಿಲಿಮೀಟರ್ ಪಿನ್ನಿನ, 19.5 ವೋಲ್ಟ್ 4.62 ಆಂಪಿಯರಿನ ಅಡಾಪ್ಟರನ್ನು ನಡುಗಡ್ಡಿಯ ಸಂಪರ್ಕವನ್ನೂ ದಾಟಿಸುವ ಕನೆಕ್ಟರಿನೊಂದಿಗೆ ಜೋಡಿಸಿದಾಗ ಬಯೋಸ್ ಪರದೆಯಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ) 90 ವ್ಯಾಟ್ ಎಂದು ಕಾಣಿಸಿತು. ಪಿನ್ ಕೂರುವ ಅಡಾಪ್ಟರನ್ನು ಬಿಟ್ಟು ಕೂರದ ಅಡಾಪ್ಟರನ್ನು ಆರಿಸಿದ್ದು ಯಂತ್ರದ ಯಜಮಾನರಿಗೆ ವಿಚಿತ್ರವಾಗಿ ತೋರಿತು.

ಅಲ್ಲಿಗೆ ಕೊಟ್ಟು ಕಳಿಸುವುದಿಲ್ಲ. ಬ್ಯಾಟರಿ ಅರ್ಧದಷ್ಟು ಖಾಲಿಯಿರುವಾಗ ಭಾರದ ಕೆಲಸ ಕೊಟ್ಟು, ಅರ್ಧ ಗಂಟೆ ಬಿಟ್ಟು ನೋಡುತ್ತೇನೆ. ಶೇಕಡಾವಾರು ಏರುತ್ತಿರಬೇಕು, ಕಡೇಪಕ್ಷ ಇಳಿಯಬಾರದು. ಅಡಾಪ್ಟರ್ ಬಿಸಿಯಾಗುವುದು ಸಹಜ, ಆದರೆ ಅಂಗೈ ಇಟ್ಟುಕೊಂಡಿರಲು ಆಗದಷ್ಟು ಕಾಯಬಾರದು. ಪಿನ್ನಿನ ಬುಡವೇ ಕಾಯುತ್ತಿದ್ದರೆ ಸಂಪರ್ಕ ಸಡಿಲವಾಗಿದೆ ಎಂದು ತಿಳಿಯಬೇಕು. 5.5 ಮಿಲಿಮೀಟರ್ ಪಿನ್ನುಗಳಲ್ಲೇ 2.1 ಮತ್ತು 2.5 ಮಿಲಿಮೀಟರ್ ಒಳವ್ಯಾಸದ ಎರಡು ಬಗೆಗಳಿದ್ದು, ದೊಡ್ಡ ರಂಧ್ರದ್ದು ಸಣ್ಣ ಕಡ್ಡಿಯ ಮೇಲೆ ಸುಲಭವಾಗಿ ಕೂತಂತೆ ಕಂಡರೂ ಒಳಗೆ ಅಲುಗಾಡುತ್ತ ಕಿಡಿ ಹಾರಿಸುತ್ತಿರುತ್ತದೆ.

ಟೈಪ್-ಸಿ ಅಡಾಪ್ಟರುಗಳಲ್ಲಿ ಈ ತಲೆನೋವು ಬಹುಪಾಲು ಇಲ್ಲ. ಅವು ಮೊದಲು 5 ವೋಲ್ಟ್ ಮಾತ್ರ ಕೊಟ್ಟು, ಲ್ಯಾಪ್‌ಟಾಪಿನೊಂದಿಗೆ ಮಾತುಕತೆ ಕುದುರಿದ ಬಳಿಕವೇ 9, 15 ಅಥವಾ 20 ವೋಲ್ಟಿಗೆ ಏರುತ್ತವೆ. ಅಲ್ಲಿ ನಾನು ನೋಡುವುದು ಮೂರೇ ಸಂಗತಿ. ಲ್ಯಾಪ್‌ಟಾಪಿನ ಆ ಕಿಂಡಿ ಚಾರ್ಜಿಂಗ್ ಸ್ವೀಕರಿಸುತ್ತದೆಯೇ, ಏಕೆಂದರೆ ಕೆಲವು ಯಂತ್ರಗಳಲ್ಲಿ ಅದು ದತ್ತಾಂಶಕ್ಕಷ್ಟೇ ಮೀಸಲು. ಅಡಾಪ್ಟರಿನ ಔಟ್‌ಪುಟ್ ಸಾಲಿನಲ್ಲಿ 20 ವೋಲ್ಟ್ ನಮೂದಾಗಿದೆಯೇ. ಮೊಬೈಲ್ ಚಾರ್ಜರುಗಳಲ್ಲಿ ಅನೇಕವು 9 ಅಥವಾ 12ಕ್ಕೇ ನಿಲ್ಲುತ್ತವೆ. ಮೂರನೆಯದು ಕೇಬಲ್: 3 ಆಂಪಿಯರಿಗಿಂತ ಹೆಚ್ಚು ಹರಿಸಲು ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು, ಅದಿಲ್ಲದ ಕೇಬಲ್ಲಿನಲ್ಲಿ 100 ವ್ಯಾಟಿನ ಅಡಾಪ್ಟರ್ ಕೂಡ 60 ವ್ಯಾಟಿಗೆ ಮೇಲೆ ಕೊಡುವುದಿಲ್ಲ.