ಅಜ್ಜಿಗೂ ಕೇಳಿಸುವಂತೆ ಹಾಕಿ ವಿವರಣೆ ಹೇಳುವುದು ಹೇಗೆ

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಆರಂಭಿಸಿದ ಕೊಡವ ಹಾಕಿ ಹಬ್ಬ, 2024ರಲ್ಲಿ ನಾಪೋಕ್ಲಿಗೆ ಬಂದಾಗ 360 ಕುಟುಂಬಗಳದ್ದಾಗಿತ್ತು. ಕುಟುಂಬಕ್ಕೊಂದರಂತೆ ಅಷ್ಟು ತಂಡಗಳು ಆಡುವಾಗ ಸ್ಟಿಕ್ ಹಿಡಿಯುವವರಷ್ಟೇ ಮೈಕ್ ಹಿಡಿಯುವವರೂ ಬೇಕು. ವೀಕ್ಷಕ ವಿವರಣೆ ಹೇಳಲು ಆಸೆಯಿದ್ದೂ ಹಿಂಜರಿಯುವ ನಮ್ಮ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿರುವುದೆಲ್ಲ ನಮ್ಮೂರಿನ ಡ್ರಿಲ್ ಮೇಷ್ಟ್ರು ನನಗೆ ಕಲಿಸಿದ್ದು. ಅವರ ದನಿ ಕೇಳಿದರೆ ಸಾಕು, ಗದ್ದೆಯಲ್ಲಿದ್ದವರೂ ಒಂದು ಗಳಿಗೆ ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು.

ಮೊದಲ ಕೆಲಸ ಹೆಸರು. ಕೌಟುಂಬಿಕ ಹಾಕಿಯಲ್ಲಿ ಹನ್ನೊಂದು ಮಂದಿಗೂ ಮನೆಹೆಸರು ಒಂದೇ. ಅದು ತಂಡವನ್ನು ಗುರುತಿಸುತ್ತದೆ, ಆಟಗಾರರನ್ನು ಗುರುತಿಸುವುದಿಲ್ಲ. ಒಂದೇ ತಂಡದಲ್ಲಿ ಇಬ್ಬರು ಪೊನ್ನಪ್ಪ, ಎದುರು ತಂಡದಲ್ಲಿ ಇನ್ನೊಬ್ಬ ಪೊನ್ನಪ್ಪ ಇದ್ದರೆ ಏನು ಮಾಡುತ್ತೀರಿ? ಮೇಷ್ಟ್ರು ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಎರಡೂ ತಂಡಗಳ ಬಳಿ ಹೋಗುತ್ತಿದ್ದರು. ಅಂಗಿಯ ಸಂಖ್ಯೆ, ಹೆಸರು, ಮನೆಯಲ್ಲಿ ಕರೆಯುವ ಹೆಸರು, ಯಾರ ಮಗ, ಯಾರ ಸೊಸೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಹೆಸರನ್ನು ಅವರ ಬಾಯಿಂದಲೇ ಎರಡು ಸಲ ಹೇಳಿಸಿ, ತಾವೂ ಒಮ್ಮೆ ಹೇಳಿ ಒಪ್ಪಿಸುತ್ತಿದ್ದರು. ಅಜ್ಜ ಮತ್ತು ಮೊಮ್ಮಗ ಒಂದೇ ತಂಡದಲ್ಲಿ ಆಡುವ ಆಟವಿದು, ಗಂಡಸರ ನಡುವೆ ಹೆಣ್ಣುಮಕ್ಕಳೂ ಆಡುವ ಆಟ. ವರ್ಷಕ್ಕೊಮ್ಮೆ ಇಡೀ ಕುಟುಂಬದ ಎದುರು ಒಬ್ಬ ಹುಡುಗಿಯ ಹೆಸರು ಮೈಕಿನಲ್ಲಿ ಬರುವಾಗ ಅದು ತಪ್ಪಾಗಬಾರದು. ಈ ಒಂದು ವಿಷಯದಲ್ಲಿ ಮೇಷ್ಟ್ರು ಯಾರನ್ನೂ ಕ್ಷಮಿಸುತ್ತಿರಲಿಲ್ಲ, ನಾನೂ ಕ್ಷಮಿಸುವುದಿಲ್ಲ.

ಎರಡನೆಯದು, ಯಾರಿಗೆ ಹೇಳುತ್ತಿದ್ದೀರಿ ಎಂಬುದು. ನನ್ನ ಅಜ್ಜಿಗೆ ಮಂಡಿನೋವಿತ್ತು, ಮೈದಾನಕ್ಕೆ ಬರಲಾಗುತ್ತಿರಲಿಲ್ಲ. ಗದ್ದೆಯಾಚೆ ಮನೆಯ ಜಗಲಿಯಲ್ಲಿ ಕುಳಿತು, ಹಾರ್ನ್ ಸ್ಪೀಕರಿನಿಂದ ತೇಲಿ ಬರುವ ಮಾತಿಗೆ ಕಿವಿಗೊಟ್ಟೇ ಪಂದ್ಯ ಮುಗಿಸುತ್ತಿದ್ದರು. ಸಂಜೆ ನಾವು ಮನೆಗೆ ಬರುವಾಗ ಯಾರು ಚೆಂಡು ಬಿಟ್ಟುಕೊಟ್ಟರು ಎಂದು ನಮಗೇ ಹೇಳುತ್ತಿದ್ದರು. ಅದಕ್ಕೆ ಕಾರಣ ಮೇಷ್ಟ್ರು ‘ಎಡಕ್ಕೆ’, ‘ಬಲಕ್ಕೆ’ ಎನ್ನದೆ ‘ರಸ್ತೆ ಕಡೆಯ ಗೋಲು’, ‘ತೋಟದ ಕಡೆಯ ಗೋಲು’ ಎನ್ನುತ್ತಿದ್ದುದು. ವಿರಾಮದ ನಂತರ ತಂಡಗಳು ಬದಿ ಬದಲಿಸಿದರೂ ಜಗಲಿಯಲ್ಲಿದ್ದವರಿಗೆ ದಿಕ್ಕು ತಪ್ಪುತ್ತಿರಲಿಲ್ಲ. ಚೆಂಡು ಎಲ್ಲಿದೆ, ಯಾರ ಬಳಿಯಿದೆ, ಯಾವ ಕಡೆಗೆ ಹೋಗುತ್ತಿದೆ: ಈ ಮೂರನ್ನು ಹೇಳಿದ ಮೇಲೆ ಉಳಿದ ಮಾತು.

ವಾಕ್ಯ ಚಿಕ್ಕದಿರಲಿ. ನಾಲ್ಕು ದಿಕ್ಕಿನ ಸ್ಪೀಕರುಗಳ ದನಿ ಗುಡ್ಡಕ್ಕೆ ಬಡಿದು ಮರಳುತ್ತದೆ, ಬಿಡುವು ಕೊಡದಿದ್ದರೆ ಮಾತಿನ ಮೇಲೆ ಮಾತು ಬೀಳುತ್ತದೆ. ಗಾಳಿಯಿದ್ದರೆ ಮೈಕಿಗೆ ಕರವಸ್ತ್ರ ಸುತ್ತಿ. ಗುಡುಗು ಕೇಳಿದ ಕೂಡಲೇ ಮೈಕ್ ಕೆಳಗಿಡಿ.

ಪೆನಾಲ್ಟಿ ಕಾರ್ನರ್ (ಎದುರಾಳಿಯ ತಪ್ಪಿಗೆ ಸಿಗುವ ಗೋಲಿನ ಅವಕಾಶ) ಸಿಕ್ಕಾಗ ಆಟ ಕ್ಷಣಕಾಲ ನಿಲ್ಲುತ್ತದೆ. ಹೊಸಬರಿಗೆ ನಿಯಮ ಹೇಳಲು ಅದೇ ಸಮಯ. ಗೋಲ್‌ಕೀಪರ್ ಸೇರಿ ರಕ್ಷಿಸುವ ತಂಡದ ಐವರು ಮಾತ್ರ ಗೋಲುಗೆರೆಯ ಹಿಂದೆ ಉಳಿಯುತ್ತಾರೆ, ಆ ತಂಡದ ಉಳಿದವರು ನಡುಗೆರೆಯಾಚೆ ಹೋಗಬೇಕು. ಚೆಂಡು ಗೋಲಿನ ಮುಂದಿನ ವೃತ್ತದ ಹೊರಗೆ ಹೋಗಿ ಬಂದ ಮೇಲೆಯೇ ಗೋಲಿಗೆ ಹೊಡೆಯಬಹುದು. ಪಂದ್ಯಕ್ಕೊಮ್ಮೆ ಹೇಳಿದರೆ ಸಾಕು.

ಗೋಲಾದಾಗ ಹೊಸಬರು ಕಿರುಚುತ್ತಾರೆ. ಮೇಷ್ಟ್ರು ಹೊಡೆದವರ ಹೆಸರು ಹೇಳಿ ಸುಮ್ಮನಾಗುತ್ತಿದ್ದರು. ಜನರ ಕೂಗು, ಶಿಳ್ಳೆ, ಮರದಡಿಯ ವಾಲಗ ಎಲ್ಲವೂ ಮೈಕಿನೊಳಗೆ ಹೋಗಿ ಗದ್ದೆ ದಾಟುತ್ತಿದ್ದವು. ಅಮೆರಿಕದ ಬೇಸ್‌ಬಾಲ್ ವಿವರಣೆಗಾರ ವಿನ್ ಸ್ಕಲಿ ಅವರ ಬಗ್ಗೆ ಓದಿದಾಗ ನನಗೆ ಮೇಷ್ಟ್ರೇ ಕಣ್ಣ ಮುಂದೆ ಬಂದರು. ಒಂದೇ ತಂಡಕ್ಕೆ 67 ಋತುಗಳ ಕಾಲ ದನಿಯಾಗಿದ್ದವರು ಸ್ಕಲಿ. 1974ರಲ್ಲಿ ಆಟಗಾರ ಹ್ಯಾಂಕ್ ಆರನ್ 715ನೇ ಹೋಂ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದು ಬೇಬ್ ರೂತ್ ದಾಖಲೆ ಮುರಿದಾಗ, ಸ್ಕಲಿ ಮಾತು ನಿಲ್ಲಿಸಿ ಕ್ರೀಡಾಂಗಣದ ಸದ್ದನ್ನೇ ಕೇಳುಗರಿಗೆ ಬಿಟ್ಟುಕೊಟ್ಟರು. ನಮ್ಮ ಮೇಷ್ಟ್ರು ಬೇಸ್‌ಬಾಲ್ ನೋಡಿದವರಲ್ಲ. ಆದರೂ ಇಬ್ಬರಿಗೂ ತಿಳಿದಿದ್ದುದು ಒಂದೇ.

ಸ್ಕೋರನ್ನು ಮಾತ್ರ ಎಷ್ಟು ಸಲ ಹೇಳಿದರೂ ಹೆಚ್ಚಾಗುವುದಿಲ್ಲ. ಮೇಷ್ಟ್ರ ಮೇಜಿನ ಮೇಲೆ ಹತ್ತು ಕಾಫಿ ಬೀಜಗಳಿರುತ್ತಿದ್ದವು. ಸ್ಕೋರು ಹೇಳಿದಾಗಲೆಲ್ಲ ಒಂದನ್ನು ಆಚೆ ಸರಿಸುತ್ತಿದ್ದರು. ವಿರಾಮದೊಳಗೆ ಹತ್ತೂ ಸರಿಯಬೇಕು.

ಮೇಷ್ಟ್ರಿಗೆ ನಡೆಯಲಾಗದ ವರ್ಷ ಮೊದಲ ಬಾರಿಗೆ ನಾನೊಬ್ಬನೇ ಮೈಕ್ ಹಿಡಿದೆ. ಸಂಜೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕುಳಿತು ಪೂರ್ತಿ ಕೇಳಿದ್ದರು. ಹೊಗಳಲಿಲ್ಲ, ಬೈಯಲಿಲ್ಲ. “ಎರಡನೆಯ ಗೋಲಿಗೆ ಪಾಸ್ ಕೊಟ್ಟವರು ಯಾರು ಮಗು? ಆ ಹೆಸರು ನನಗೆ ಕೇಳಿಸಲಿಲ್ಲ” ಎಂದರು. ನಾನು ಹೇಳಿರಲಿಲ್ಲ. ನೋಟ್‌ಬುಕ್ ತೆರೆದು ನೋಡಿದೆ, ಎಂಟನೇ ಸಂಖ್ಯೆಯ ಅಂಗಿ, ಬೋಜಮ್ಮ. ಅವರು ಆ ಹೆಸರನ್ನು ಮೆಲ್ಲಗೆ ಒಮ್ಮೆ ಹೇಳಿಕೊಂಡರು.