ಎಳೆ ಮಗುವಿಗೆ ನೀರು ಹಾಕುವುದು ಹೇಗೆ?

ಹಂಡೆ ನೀರು ಹೊಗೆಯಾಡಬೇಕು, ಮೈ ಕೆಂಪಗಾಗುವವರೆಗೂ ಸುರಿಯಬೇಕು, ಮೂಗಿಗೆ ಎಣ್ಣೆ ಬಿಟ್ಟು ಊದಬೇಕು. ಹೀಗೆ ಹಠ ಹಿಡಿಯುವ ಹಿರಿಯರು ಬಾಣಂತಿ ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಆಮೇಲೆ ಮಗು ಗಡದ್ದಾಗಿ ಮಲಗಿದರೆ ‘ನೋಡು, ಮೈ ಹಗುರಾಯ್ತು’ ಅನ್ನುತ್ತಾರೆ. ಪಾಪ, ಅತ್ತೂ ಅತ್ತೂ ಸುಸ್ತಾಗಿರುತ್ತದೆ.

1. ಆತುರ ಬೇಡ. ಹುಟ್ಟಿದ ಮೇಲೆ 24 ಗಂಟೆ ಸ್ನಾನ ಮಾಡಿಸಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಕ್ಕುಳ ಬಳ್ಳಿ ಬೀಳಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಳ್ಳಿಗೆ ಅರಿಶಿನ, ಬೂದಿ, ಎಣ್ಣೆ ಏನೂ ಹಚ್ಚಬೇಡಿ, ತಾನಾಗಿ ಒಣಗಲಿ. ತೂಕ 2.5 ಕಿಲೋಗಿಂತ ಕಡಿಮೆ ಇದ್ದರೆ ಡಾಕ್ಟರ್ ಹೇಳುವವರೆಗೂ ಒರೆಸುವುದೇ.

2. ಬಟ್ಟೆ, ಟವೆಲ್ ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಫ್ಯಾನ್ ಆರಿಸಿ.

3. ಎಣ್ಣೆ ಹಚ್ಚುವುದಾದರೆ ಕೊಬ್ಬರಿ ಎಣ್ಣೆಯೇ. ಸಾಸಿವೆ ಎಣ್ಣೆ ಎಳೆ ಚರ್ಮಕ್ಕೆ ಆಗುವುದಿಲ್ಲ. ಕೆಲವು ಮಕ್ಕಳ ಎದೆ ಸ್ವಲ್ಪ ಊದಿರುತ್ತದೆ. ಅದು ತಾಯಿಯ ಹಾರ್ಮೋನಿನ ಪ್ರಭಾವ, ತಾನೇ ಇಳಿಯುತ್ತದೆ. ಹಿಂಡಿದರೆ ಕೀವಾಗಬಹುದು. ಮೂಗು, ಕಿವಿಗೆ ಎಣ್ಣೆ ಬಿಡಲೇಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

4. ಎಲ್ಲರೂ ಎಡವುವುದು ನೀರು ಹದ ಮಾಡುವಲ್ಲಿ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಚೆನ್ನಾಗಿ ಕಲಸಿ. ಅಂಗೈಯನ್ನು ನಂಬಬೇಡಿ. ದಿನಾ ಒಲೆ ಮುಂದೆ ದುಡಿಯುವ ಕೈಗೆ ಬಿಸಿ ಅಷ್ಟಾಗಿ ಗೊತ್ತಾಗುವುದಿಲ್ಲ. ಮೊಣಕೈ ಅದ್ದಿ ನೋಡಿ. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಅಂದರೆ ಸುಮಾರು 37 ಡಿಗ್ರಿ. ಬಾತುಕೋಳಿ ಆಕಾರದ ತೇಲುವ ಥರ್ಮಾಮೀಟರ್ ಮಾರುತ್ತಾರಲ್ಲ, ಸುಮ್ನೆ ದುಡ್ಡು ದಂಡ. ಮಗು ಕಾಲ ಮೇಲಿರುವಾಗ ಬಕೆಟ್‌ಗೆ ಮತ್ತೆ ಬಿಸಿನೀರು ಬೆರೆಸಬೇಡಿ. ಗೀಸರ್ ನಲ್ಲಿಯ ಕೆಳಗೂ ಹಿಡಿಯಬೇಡಿ, ಯಾವ ಕ್ಷಣ ಬಿಸಿ ಏರುತ್ತದೋ ಹೇಳಲಾಗದು.

5. ಮಣೆ ಮೇಲೆ ಕೂತು ಕಾಲು ಚಾಚಿ. ಮೊಣಕಾಲಿಂದ ಕೆಳಗೆ ತೆಳು ಬಟ್ಟೆ ಹಾಸಿಕೊಳ್ಳಿ, ಎಣ್ಣೆ ಮೈ ಜಾರುತ್ತದೆ. ಮಗುವಿನ ತಲೆ ನಿಮ್ಮ ಪಾದದ ಕಡೆಗಿರಲಿ. ಚೊಂಬನ್ನು ಎತ್ತರಕ್ಕೆ ಎತ್ತಿ ಸುರಿಯಬೇಡಿ. ನೀರು ಮೊದಲು ನಿಮ್ಮ ಇನ್ನೊಂದು ಕೈ ಮೇಲೆ ಬಿದ್ದು, ಅಲ್ಲಿಂದ ಮಗುವಿನ ಮೈಗೆ ಹರಿಯಲಿ. ಪ್ರತಿ ಸಲವೂ ಬಿಸಿ ಎಷ್ಟಿದೆ ಅಂತ ನಿಮಗೇ ಮೊದಲು ಗೊತ್ತಾಗುತ್ತದೆ. ಕೌಚಿ ಮಲಗಿಸಿದಾಗ ಮುಖ ಪಕ್ಕಕ್ಕೆ ತಿರುಗಿರಲಿ, ಮೂಗು ಕಾಲ ಸಂದಿಗೆ ಸಿಕ್ಕಬಾರದು. ತಲೆಗೆ ನೀರು ಕೊನೆಯಲ್ಲಿ, ಅದೂ ಅಂಗಾತ ಮಲಗಿಸಿ, ಹಣೆಗೆ ಅಂಗೈ ಅಡ್ಡ ಹಿಡಿದು. ಒದ್ದೆ ತಲೆಯಿಂದ ಮೈ ಬೇಗ ತಣ್ಣಗಾಗುತ್ತದೆ, ಅದಕ್ಕೆ ಕೊನೆಗೆ. ಐದು ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಮೂಗು ತಿದ್ದುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ಯಾವುದೂ ಬೇಡ.

ಸೋಪು? ಮೊದಲ ತಿಂಗಳು ಬೇಡವೇ ಬೇಡ ಅನ್ನುವವಳು ನಾನು. ಕಡಲೆಹಿಟ್ಟು, ಸೀಗೆಪುಡಿ ಅಂತೂ ಕಣ್ಣಿಗೆ ಬಿದ್ದರೆ ಉರಿಯೋ ಉರಿ.

6. ತಲೆ ಮೊದಲು ಒರೆಸಿ. ಕತ್ತು, ಕಂಕುಳು, ತೊಡೆ ಸಂದು ಮರೆಯಬೇಡಿ. ಒಗೆದೂ ಒಗೆದೂ ಮೆತ್ತಗಾದ ಹಳೇ ಪಂಚೆಯ ಮುಂದೆ ಅಂಗಡಿಯ ಯಾವ ಟವೆಲ್ಲೂ ನಿಲ್ಲದು. ಪೌಡರ್ ಉಸಿರಿನ ಜೊತೆ ಒಳಗೆ ಹೋಗುತ್ತದೆ, ಕಾಡಿಗೆಯಲ್ಲಿ ಸೀಸ ಇರಬಹುದು, ಸಾಂಬ್ರಾಣಿ ಹೊಗೆಗೆ ಉಸಿರು ಕಟ್ಟುತ್ತದೆ. ಮೂರೂ ಬೇಡ. ದೃಷ್ಟಿಬೊಟ್ಟು ಇಡಲೇಬೇಕಾದರೆ ಅಂಗಾಲಿಗೆ ಇಡಿ. ಬೆಚ್ಚಗೆ ಸುತ್ತಿ ಎದೆಹಾಲು ಕುಡಿಸಿ.

ಮಗು ಹಾಲು ಕುಡಿಯದಿದ್ದರೆ, ಮೈ ಬಿಸಿಯಾಗಿದ್ದರೆ ಅಥವಾ ತಣ್ಣಗಿದ್ದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಅಂಗೈ ಅಂಗಾಲು ಹಳದಿಯಾದರೆ, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು ಕಂಡರೆ ಆ ದಿನ ನೀರು ಬೇಡ. ಸೀದಾ ಆಸ್ಪತ್ರೆಗೆ ಹೋಗಿ. ಸಣ್ಣಪುಟ್ಟ ಅನುಮಾನಗಳನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ. ಮೊದಲ 42 ದಿನಗಳಲ್ಲಿ ಅವರು ಹಲವು ಸಲ ಮನೆಗೇ ಬರುತ್ತಾರೆ.