ಕೊಡೆಯಿಂದ ಶುರು ಮಾಡಿ, ಗಾಣ ಆಮೇಲೆ

ಸ್ವಾತಂತ್ರ್ಯ ಹೋರಾಟಗಾರ ವ.ಉ. ಚಿದಂಬರಂ ಪಿಳ್ಳೈ ಪಾಠವನ್ನು ಮೊದಲ ವರ್ಷ ನಾನು ಜೈಲಿನಿಂದ ಶುರು ಮಾಡಿದ್ದೆ. ಎತ್ತಿನ ಹಾಗೆ ಗಾಣಕ್ಕೆ ಕಟ್ಟಿದರು ಅಂದಾಗ ತರಗತಿ ಗಪ್‌ಚಿಪ್. ಕಿರುಪರೀಕ್ಷೆಯಲ್ಲಿ ನೋಡಿದರೆ ಎಲ್ಲರದ್ದೂ ಒಂದೇ ಉತ್ತರ: ‘ಗಾಣ ಎಳೆದರು.’ ಹಡಗಿನ ಸುದ್ದಿಯೇ ಇಲ್ಲ! ತಪ್ಪು ನನ್ನದೇ.

ಈಗ ಮಾಡುವುದು ಹೀಗೆ. ಹಿಂದಿನ ದಿನವೇ ಹುಣಸೆಬೀಜ ತರಲು ಹೇಳಿ, ತಲೆಗೆ ಹದಿನಾರು. ಒಂದು ಬೀಜ ಒಂದಾಣೆ, ಹದಿನಾರು ಸೇರಿದರೆ ರೂಪಾಯಿ. ‘ಹದಿನಾರಾಣೆ ಸತ್ಯ’ ಅನ್ನುವ ಮಾತು ಎಲ್ಲಿಂದ ಬಂತೆಂದು ಮಕ್ಕಳಿಗೆ ಹೊಳೆಯುವುದು ಆಗಲೇ.

ಬೋರ್ಡಿನ ಮೇಲೆ ತೂತ್ತುಕುಡಿ, ಕೊಲಂಬೊ, ನಡುವೆ ಸಮುದ್ರ. ಆ ದಾರಿ ಬ್ರಿಟಿಷ್ ಇಂಡಿಯಾ (ಬಿ.ಐ.) ಎಂಬ ಹಡಗು ಕಂಪನಿಯ ಹಿಡಿತದಲ್ಲಿತ್ತು. ಅದಕ್ಕೆ ಎದುರಾಗಿ ಪಿಳ್ಳೈ ಕಟ್ಟಿದ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ 1906ರ ಅಕ್ಟೋಬರ್ 16ರಂದು ನೋಂದಣಿಯಾಯಿತು. ಬಂಡವಾಳ 10 ಲಕ್ಷ, ಷೇರಿಗೆ 25 ರೂಪಾಯಿ. ಷೇರುಗಳೆಷ್ಟು? ನೀವು ಹೇಳಬೇಡಿ, ಅವರೇ ಭಾಗಿಸಲಿ. 40,000 ಬಂದ ಮೇಲೆ ಇನ್ನೊಂದು ಲೆಕ್ಕ: ಹಾಜಿ ಮೊಹಮ್ಮದ್ ಫಕೀರ್ ಸೇಠ್ ಒಬ್ಬರೇ ಹಾಕಿದ್ದು 2 ಲಕ್ಷ. 1907ರಲ್ಲಿ ಗ್ಯಾಲಿಯಾ, ಲಾವೋ ಎಂಬ ಎರಡು ಹಡಗು ಬಂದವು.

ಈಗ ಎರಡು ಮೇಜು, ಎರಡು ಹಡಗು, ಎರಡು ಡಬ್ಬಿ. ಬಿ.ಐ. ಮೇಜಿನ ಹುಡುಗನಿಗೆ ಮಾತ್ರ ಮೊದಲೇ ಗುಟ್ಟಾಗಿ ಒಂದು ಸೇರು ಬೀಜ ಕೊಟ್ಟಿರಬೇಕು. ಬಿ.ಐ. ಟಿಕೆಟ್ ದರವನ್ನು ಹದಿನಾರಾಣೆಗೆ ಇಳಿಸುತ್ತದೆ. ಸ್ವದೇಶಿಯವರು ಎಂಟಾಣೆ ಅನ್ನುತ್ತಾರೆ. ಮಕ್ಕಳು ಅತ್ತ ಓಡುತ್ತಾರೆ. ಆಗ ಬಿ.ಐ. ಕೂಗುತ್ತದೆ: ಟಿಕೆಟ್ ಪುಕ್ಕಟೆ, ಮೇಲೊಂದು ಕೊಡೆ! ಮನೆಯಿಂದ ಹಳೇ ಕೊಡೆ ತಂದು ಇಲ್ಲೇ ಬಿಚ್ಚಿ. ಬರೀ ಬಾಯಲ್ಲಿ ಹೇಳಿದರೆ ಆಟ ಏರುವುದಿಲ್ಲ. ಹೋದ ವರ್ಷ ಒಬ್ಬ ಕೇಳಿದ, “ಸಾರ್, ಹೋಗ್ತಾ ಪುಕ್ಕಟೆ ಹಡಗು, ಕೊಡೆ ಇಸ್ಕೊಂಡು ಬರ್ತಾ ಸ್ವದೇಶಿ, ಆಗಲ್ವಾ?” ಬೈಯಬೇಡಿ. ಅಂದಿನ ಪ್ರಯಾಣಿಕರಲ್ಲೂ ಇಂಥವರು ಇದ್ದಿರಬೇಕು.

ಪ್ರತಿ ಸುತ್ತಿಗೂ ಎರಡೂ ಡಬ್ಬಿಗಳಿಂದ ಕಲ್ಲಿದ್ದಲಿಗೆ, ಖಲಾಸಿಗಳ ಸಂಬಳಕ್ಕೆ ಬೀಜ ತೆಗೆಯುತ್ತಾ ಹೋಗಿ. ಮೂರನೇ ಸುತ್ತಿಗೆ ಸ್ವದೇಶಿ ಡಬ್ಬಿ ಗಲಗಲ ಅನ್ನುತ್ತದೆ. ಪುಕ್ಕಟೆ ಒಯ್ಯುವವನ ಡಬ್ಬಿ ಮಾತ್ರ ತುಂಬಿಯೇ ಇದೆ! “ಮೋಸ ಸಾರ್” ಅಂತ ಯಾರಾದರೂ ಕಿರುಚುವವರೆಗೆ ಸುಮ್ಮನಿರಿ.

ಉಳಿದದ್ದು ಬೇಗ ಹೇಳಬಹುದು. 1908ರಲ್ಲಿ ತೂತ್ತುಕುಡಿಯ ಕೋರಲ್ ಗಿರಣಿ ಕಾರ್ಮಿಕರ ಮುಷ್ಕರಕ್ಕೆ ಪಿಳ್ಳೈ ಬೆಂಬಲ, ಮಾರ್ಚ್ 12ಕ್ಕೆ ಅವರ ಬಂಧನ, ಎರಡು ಜೀವಾವಧಿ ಶಿಕ್ಷೆ. ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತು. ಗಾಣದ ಮಾತು ಬರಬೇಕಾದದ್ದು ಇಲ್ಲಿ. 1912ರ ಡಿಸೆಂಬರಿನಲ್ಲಿ ಅವರು ಹೊರಗೆ ಬರುವಷ್ಟರಲ್ಲಿ ಕಂಪನಿ ಮುಚ್ಚಿ ವರ್ಷವಾಗಿತ್ತು, ಹಡಗು ಎದುರಾಳಿಯ ಪಾಲಾಗಿತ್ತು. ಇದನ್ನು ಹೇಳಿದಾಗ ಹೋದ ಸಲ ಬಿ.ಐ. ಹುಡುಗ ಕೊಡೆ ಮಡಚಿ ಬೆಂಚಿನಡಿ ತಳ್ಳಿಬಿಟ್ಟ.

ಗಂಟೆ ಹೊಡೆಯುವ ಮೊದಲು ಬೀಜಗಳನ್ನು ವಾಪಸ್ ಇಸಿದುಕೊಳ್ಳಿ. ಇಲ್ಲವಾದರೆ ಮುಂದಿನ ಪೀರಿಯಡ್ಡಿನ ಮೇಷ್ಟ್ರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.